ಅರವತ್ತು ದಾಟಿದರೆ ನಡುಗುವ ಗಾಡಿ

ನಮ್ಮ ಪಿಕಪ್ ಗಾಡಿ ಅರವತ್ತರ ವೇಗ ದಾಟಿದ ಕೂಡಲೇ ನಡುಗುತ್ತಿತ್ತು. ಈ ಮಾತನ್ನು ನಾನು ಮನೆಯಲ್ಲಿ ಮೊದಲ ಸಲ ಎತ್ತಿದಾಗ ಭಾವ, ಅಂದರೆ ನನ್ನ ಗಂಡನ ಅಣ್ಣ, ಚಹಾದ ಕಪ್ಪು ಕೆಳಗಿಟ್ಟು ತಮ್ಮನ ಕಡೆ ನೋಡಿ ಹೇಳಿದರು:

"ಗಾಡಿ ಅಲ್ಲೋ ನಡುಗೋದು. ಆಕಿ ಕೈ ನಡಗತಾವು."

ಭಾವ ನನ್ನ ಜೊತೆ ನೇರವಾಗಿ ಮಾತಾಡುವುದಿಲ್ಲ. ನಮ್ಮ ಮನೆತನದಲ್ಲಿ ಪದ್ಧತಿ ಹಾಗೆ. ತಮ್ಮನ ಹೆಂಡತಿ ಎದುರಿಗೇ ನಿಂತಿದ್ದರೂ "ಆಕಿಗೆ ಹೇಳು" ಅನ್ನುತ್ತಾರೆ. ನಾನೂ ಸೆರಗು ತಲೆಯ ಮೇಲೆ ಎಳೆದುಕೊಂಡು "ಭಾವಾರಿಗೆ ಹೇಳ್ರಿ" ಅನ್ನುತ್ತೇನೆ. ಇಬ್ಬರ ನಡುವೆ ನಿಂತ ನನ್ನ ಗಂಡ ಎರಡೂ ಕಡೆಯ ಮಾತು ಕೇಳಿಸಿಕೊಂಡು ಯಾರಿಗೂ ಏನೂ ಹೇಳದೆ ಉಳಿಯುವುದರಲ್ಲಿ ಪಳಗಿದವರು.

ಸಿಂಧನೂರಿನಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ಗಂಡ ಭಟ್ಟಿಯ ಮುಂದೆ ಬೇಯುತ್ತಾರೆ, ನಾನು ಮಾಲು ಮುಟ್ಟಿಸುತ್ತೇನೆ. ಮಸ್ಕಿ, ಲಿಂಗಸುಗೂರುಗಳ ಹೋಟೆಲುಗಳಲ್ಲಿ ಬೆಳಿಗ್ಗೆ ಒಗ್ಗರಣೆ ಹಾಕಿದ ಮಂಡಕ್ಕಿ, ಮಿರ್ಚಿ ತಿನ್ನುವವರಿಗೆ ಅದರ ಹಿಂದೆ ಒಬ್ಬ ಹೆಂಗಸು ಐವತ್ತು ಕಿಲೋಮೀಟರು ಗಾಡಿ ಓಡಿಸಿಕೊಂಡು ಬಂದಿರುತ್ತಾಳೆ ಅನ್ನುವುದು ಗೊತ್ತಿರಲಿಕ್ಕಿಲ್ಲ. ಮೊದಲು ಆರು ವರ್ಷ ಸಾಮಾನಿನ ಆಟೊ ಓಡಿಸಿದೆ. ವ್ಯಾಪಾರ ಬೆಳೆದ ಮೇಲೆ ಹೊಸ ಪಿಕಪ್ ಬಂತು. ಮಂಡಕ್ಕಿಗೆ ಜಾಗ ಬೇಕೇ ಹೊರತು ಬಲ ಬೇಡ. ಮೂಟೆಗಳನ್ನು ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರಿಸಿ ಹಗ್ಗ ಬಿಗಿದರೂ ಒಂದೊಂದು ಮೂಟೆಯನ್ನು ನಾನು ಒಂದೇ ಕೈಯಲ್ಲಿ ಎತ್ತುತ್ತೇನೆ.

ಗಾಡಿ ಓಡಿಸುವುದು ನನಗೆ ಇಷ್ಟ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಮನೆ, ಭಟ್ಟಿ, ಅಡುಗೆ, ನೆಂಟರು, ಎಲ್ಲ ಕಡೆ ನಾನು ಯಾರದೋ ಏನೋ ಆಗಿರುತ್ತೇನೆ. ಸ್ಟೀರಿಂಗ್ ಹಿಂದೆ ಕೂತಾಗ ಮಾತ್ರ ನನ್ನ ಪಾಡಿಗೆ ನಾನು ಇರುತ್ತೇನೆ. ಒಂದೂವರೆ ತಿಂಗಳು ಓಣಿಯೆಲ್ಲ ನನ್ನ ಕೈಯ ಮಾತನ್ನೇ ಆಡಿಕೊಂಡ ಮೇಲೆ, ಒಂದು ದಿನ ಭಾವ ಅದನ್ನೂ ಕಿತ್ತುಕೊಳ್ಳುವ ಮಾತು ಹೇಳಿದರು.

"ಸಣ್ಣ ಗಾಡಿ ಓಡಿಸಿದಾಕಿಗೆ ದೊಡ್ಡ ಗಾಡಿ ದಕ್ಕಂಗಿಲ್ಲ. ಗೊರೇಬಾಳದಾಗ ನನಗ ಗೊತ್ತಿದ್ದ ಡ್ರೈವರ್ ಅದಾನ. ಅಮಾಸಿ ದಿನ ಗಾಡಿ ಪೂಜಿ ಮಾಡಿ ಕೀಲಿ ಅವನ ಕೈಯಾಗ ಕೊಟ್ಟುಬಿಡು. ಆಕಿಗೆ ಮನ್ಯಾಗ ಕೂತು ಪ್ಯಾಕೆಟ್ ಕಟ್ಟಾಕ ಹೇಳು."

ಅಮಾವಾಸ್ಯೆಗೆ ಇನ್ನು ಹದಿನೆಂಟು ದಿನವಿತ್ತು. ಅಷ್ಟರೊಳಗೆ ನಡುಕ ಎಲ್ಲಿಂದ ಬರುತ್ತದೆ ಅಂತ ಹುಡುಕಬೇಕು, ಇಲ್ಲವಾದರೆ ಕೀಲಿ ಹೋಗುತ್ತದೆ. ಇಷ್ಟು ನನಗೆ ಸ್ಪಷ್ಟವಾಗಿತ್ತು.

ಮರುದಿನವೇ ಸಿಂಧನೂರಿನ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿನ ಮಿಸ್ತ್ರಿ ಗಾಡಿಯ ಸುತ್ತ ಒಂದು ಸುತ್ತು ಬಂದು, ನನ್ನ ಹಿಂದೆ ಯಾರಾದರೂ ಗಂಡಸು ಇಳಿಯುತ್ತಾನೇನೋ ಅಂತ ಕ್ಯಾಬಿನ್ನಿನೊಳಗೆ ಇಣುಕಿ ನೋಡಿದ.

"ಯಜಮಾನ್ರು ಬಂದಿಲ್ಲೇನ್ರಿ ಅಕ್ಕಾರ?"

"ಇಲ್ಲ. ಗಾಡಿ ಬಂದೈತಿ. ಗಾಡಿ ನೋಡ್ರಿ."

"ಡ್ರೈವರ್?"

"ನಾನs ಡ್ರೈವರ್."

ಅವನ ಮುಖ ಹುಳಿ ಮಜ್ಜಿಗೆ ಕುಡಿದವನಂತಾಯಿತು. ನಾನು ಹೇಳಿದೆ: ಅರವತ್ತಕ್ಕೆ ಶುರುವಾಗುತ್ತದೆ, ಎಪ್ಪತ್ತರ ತನಕ ಜೋರು, ಸೀಟಿನ ಕೆಳಗಿಂದ ಗುಂಯ್ ಅಂತ ಬರುತ್ತದೆ. ಅವನು ಕೇಳಿಸಿಕೊಂಡಂತೆ ತಲೆ ಆಡಿಸಿ, ಊರೊಳಗಿನ ರಸ್ತೆಯಲ್ಲಿ ಆಟೊ, ಎಮ್ಮೆ, ಬೈಕುಗಳ ನಡುವೆ ಮೂವತ್ತರಲ್ಲಿ ಒಂದು ಸುತ್ತು ಹಾಕಿ ಬಂದು "ಏನೂ ಇಲ್ರಿ" ಅಂದ. ಅರವತ್ತರಲ್ಲಿ ಬರುವ ರೋಗವನ್ನು ಮೂವತ್ತರಲ್ಲಿ ಹುಡುಕುತ್ತೀಯಲ್ಲ ಮಾರಾಯ, ಅಂತ ಕೇಳಿದೆ. ಅವನು ನನ್ನ ಗಂಡನಿಗೆ ಫೋನ್ ಹಚ್ಚಿ, ನಾನು ಅಲ್ಲೇ ನಿಂತಿರುವಾಗ, "ಗಾಲಿ ಬ್ಯಾಲೆನ್ಸ್ ಮಾಡಿಸಿಬಿಡ್ರಿ, ಅಕ್ಕಾರಿಗೆ ಸಮಾಧಾನ ಆಗತೈತಿ" ಅಂದ. ನನ್ನ ಸಮಾಧಾನಕ್ಕೆ ಗಾಲಿ ಬ್ಯಾಲೆನ್ಸ್ ಆಯಿತು. ಗಾಡಿ ಮೊದಲಿನ ಹಾಗೇ ನಡುಗಿತು.

ಆವತ್ತು ತೀರ್ಮಾನ ಮಾಡಿದೆ, ಇವರು ಯಾರೂ ಬೇಡ, ನಾನೇ ನೋಡುತ್ತೇನೆ.

ಬೆಳಿಗ್ಗೆ ಐದೂವರೆಗೆ ಮಸ್ಕಿ ರಸ್ತೆ ಖಾಲಿ ಇರುತ್ತದೆ. ಒಂದೊಂದು ದಿನ ಒಂದೊಂದು ಪರೀಕ್ಷೆ. ಮೊದಲ ದಿನ ಬರೀ ಕೈಗಳನ್ನು ಗಮನಿಸಿದೆ. ಸ್ಟೀರಿಂಗ್ ಅಲುಗುತ್ತಿರಲಿಲ್ಲ. ನಡುಕ ಬರುತ್ತಿದ್ದುದು ಸೊಂಟಕ್ಕೆ, ಕಾಲ ಕೆಳಗಿನ ತಗಡಿಗೆ, ಹಿಂದಿನ ಗಾಜಿಗೆ. ಹಾಗಾದರೆ ಮುಂದಿನ ಗಾಲಿಯ ದೋಷ ಅಲ್ಲ. ಇನ್ನೊಂದು ದಿನ ಎಪ್ಪತ್ತಕ್ಕೆ ಹೋಗಿ ಗೇರು ತೆಗೆದು ಗಾಡಿಯನ್ನು ಹಾಗೇ ಉರುಳಲು ಬಿಟ್ಟೆ. ಎಂಜಿನ್ನಿನ ಸದ್ದು ತಣ್ಣಗಾಯಿತು, ನಡುಕ ಮಾತ್ರ ನಿಲ್ಲಲಿಲ್ಲ. ಅಂದರೆ ಎಂಜಿನ್ ಅಲ್ಲ, ಕ್ಲಚ್ಚೂ ಅಲ್ಲ. ಬ್ರೇಕ್ ಒತ್ತಿ ನೋಡಿದೆ, ಏನೂ ಬದಲಾಗಲಿಲ್ಲ. ಹೊಸ ಡಾಂಬರು ಹಾಕಿದ ಕಡೆ ನೋಡಿದೆ, ತೇಪೆ ಹಾಕಿದ ಕಡೆ ನೋಡಿದೆ, ಎರಡೂ ಕಡೆ ಒಂದೇ. ಎಕ್ಸಲೇಟರ್ ಒತ್ತಿದರೆ ಸ್ವಲ್ಪ ಜಾಸ್ತಿ, ಬಿಟ್ಟರೆ ಸ್ವಲ್ಪ ಕಡಿಮೆ. ಎಂಜಿನ್ನಿನಿಂದ ಹಿಂದಿನ ಗಾಲಿಗೆ ಬಲ ಒಯ್ಯುವ ಉದ್ದನೆಯ ಕಬ್ಬಿಣದ ಕೊಳವೆ ಒಂದಿರುತ್ತದೆ, ಶಾಫ್ಟ್ ಅನ್ನುತ್ತಾರೆ. ಗುಮಾನಿಯೆಲ್ಲ ಸುತ್ತಿ ಸುತ್ತಿ ಅದರ ಮೇಲೇ ಹೋಗಿ ಕೂತಿತು. ಯಾವ ಮಿಸ್ತ್ರಿಯೂ ಹೇಳಿಕೊಟ್ಟಿದ್ದಲ್ಲ ಇದು. ಆರು ವರ್ಷ ಕೂತಿದ್ದೇನಲ್ಲ, ಸೊಂಟಕ್ಕೆ ಗೊತ್ತಾಗುತ್ತದೆ.

ಮಸ್ಕಿಯಲ್ಲಿ ಬಸ್ ನಿಲ್ದಾಣದ ಆಚೆ ಒಬ್ಬ ಮಿಸ್ತ್ರಿ ಇದ್ದಾನೆ. ಮೂಟೆ ಇಳಿಸಿ ಅವನ ಹತ್ತಿರ ಹೋದೆ. ಅವನು ಪಕ್ಕದಲ್ಲಾದರೂ ಕೂತ. ನಾನು ಊರ ಹೊರಗೆ ಒಯ್ದು ಅರವತ್ತೈದಕ್ಕೆ ಹಿಡಿದೆ. ಅವನು ಅಂಗೈಯನ್ನು ಕಾಲ ಕೆಳಗಿನ ತಗಡಿಗೆ ಒತ್ತಿಹಿಡಿದು ಅಂದ:

"ಖರೇ ಐತ್ರಿ ಅಕ್ಕಾರ. ನಡಗತೈತಿ. ಶಾಫ್ಟಿಂದs ಬರಾಕತ್ತೈತಿ."

ಅಷ್ಟು ಹೇಳಿದ್ದಕ್ಕೇ ಅವನಿಗೆ ಕೈ ಮುಗಿಯಬೇಕು ಅನಿಸಿತು. ಶಾಫ್ಟಿನ ಕೀಲುಗಳಲ್ಲಿ ಸವೆತ ಇರಬಹುದು ಅಂತ ಬಿಚ್ಚಿ ಹೊಸದು ಹಾಕಿದ. ಮತ್ತೆ ಓಡಿಸಿದೆವು, ಮತ್ತೆ ನಡುಗಿತು. ಅವನು ತಲೆ ಕೆರೆದುಕೊಂಡ. "ಹೊಸಾ ಗಾಡಿ ಐತಿ, ಯಾಕ ಹಿಂಗ ಮಾಡಾಕತ್ತೈತಿ ತಿಳಿವಲ್ದು. ಇನ್ನೊಮ್ಮೆ ತರ್ರಿ" ಅಂದ.

ಆ ಸಂಜೆ ಭಾವ ಅವನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿ, ನಮ್ಮ ಪಡಸಾಲೆಯಲ್ಲೇ ಕೂತು ಮಾಡಿದರು. ಬೆಳಿಗ್ಗೆ ಅಂಗೈ ಒತ್ತಿ "ಖರೇ ಐತಿ" ಅಂದಿದ್ದ ಅದೇ ಬಾಯಿ ಈಗ ಹೇಳಿತು: "ಹೌದ್ರಿ ಗೌಡ್ರ, ಗಾಡಿಗೇನೂ ಆಗಿಲ್ರಿ. ಅಕ್ಕಾರು ಜರಾ ಕ್ಲಚ್ ಮ್ಯಾಲ ಕಾಲು ಇಡ್ತಾರ ಅನಸತೈತ್ರಿ."

ನಾನು ಒಳಗಿನಿಂದ ಕೇಳಿಸಿಕೊಂಡೆ. ಕೈಯಲ್ಲಿ ರೊಟ್ಟಿಯ ಹಿಟ್ಟಿತ್ತು. ಆ ಹಿಟ್ಟನ್ನು ತಟ್ಟಿದ ರೀತಿಗೆ ರೊಟ್ಟಿ ಹರಿದು ಮೂರು ಚೂರಾಯಿತು. ಒಂದು ಊರಿನ ದೊಡ್ಡ ಮನುಷ್ಯ ಫೋನ್ ಹಚ್ಚಿದ ಅಂತ ಗಾಡಿಯ ನಡುಕ ನಿಂತುಹೋಯಿತೇನು? ಆ ಮಿಸ್ತ್ರಿಯ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ. ಸಿಂಧನೂರಿನವನ ಮೇಲೆ ಇಲ್ಲ, ಅವನಿಗೆ ತಿಳಿದಿರಲಿಲ್ಲ. ಇವನಿಗೆ ತಿಳಿದಿತ್ತು.

ಭಾವ ಅಷ್ಟಕ್ಕೇ ಬಿಡಲಿಲ್ಲ. ಎಲ್ಲರ ಎದುರು ಮುಗಿಸಿಬಿಡಬೇಕು ಅಂತ ಒಂದು ದಿನ ಗಾಡಿಯನ್ನು ತಮ್ಮ ಹೊಲದ ಮನೆಗೆ ತರಿಸಿಕೊಂಡು, ಕೂಡಿಟ್ಟಿದ್ದ ಭತ್ತದ ಚೀಲಗಳನ್ನು ಹೇರಿಸಿ, ತಾವೇ ಓಡಿಸಿಕೊಂಡು ಸಿಂಧನೂರಿನ ಮಿಲ್ಲಿಗೆ ಬಂದರು. ನನ್ನ ಗಂಡ ನಡುವೆ, ನಾನು ಕಿಟಕಿಯ ಕಡೆ. ನಾನು ಮುಳ್ಳಿನ ಮೇಲೆ ಕೂತವಳ ಹಾಗೆ ಮೀಟರಿನ ಮುಳ್ಳನ್ನೇ ನೋಡುತ್ತಿದ್ದೆ. ಐವತ್ತೈದು, ಅರವತ್ತು, ಅರವತ್ತೈದು. ಏನೂ ಇಲ್ಲ. ಎಪ್ಪತ್ತಕ್ಕೆ ಹೋಯಿತು. ಸೀಟು ನೀರು ನಿಂತಂತೆ ನಿಂತಿತ್ತು.

"ನೋಡಿದೇನೋ?" ಭಾವ ತಮ್ಮನ ತೊಡೆಯ ಮೇಲೆ ಬಡಿದರು. "ಬೆಣ್ಣಿ ಹಂಗ ಹೊಂಟೈತಿ. ಆಕಿಗೆ ಕೇಳು, ಈಗರ ಗೊತ್ತಾತೇನು ಅಂತ."

ನನ್ನ ಗಂಡ ನನ್ನ ಕಡೆ ತಿರುಗಿ, ನಿಜಕ್ಕೂ ಕೇಳಿದರು: "ಗೊತ್ತಾತೇನು?"

ನಾನು ಕಿಟಕಿಯಾಚೆ ನೋಡಿದೆ. ಆ ಮಧ್ಯಾಹ್ನ ನನಗೆ ನನ್ನ ಮೇಲೇ ನಂಬಿಕೆ ಹೋಯಿತು. ಊಟ ಮಾಡುವಾಗ ಕೈ ಚಾಚಿ ಬೆರಳುಗಳನ್ನು ನೋಡಿಕೊಂಡೆ. ನನ್ನ ಸೊಂಟ ಸುಳ್ಳು ಹೇಳುತ್ತಿದೆಯೇನೋ, ನನಗೆ ಏನೋ ಕಾಯಿಲೆ ಇದೆಯೇನೋ ಅನಿಸಿತು. ಹೀಗೆ ಅನಿಸುವ ಹಾಗೆ ಮಾಡಿದರಲ್ಲ, ಅದಕ್ಕೆ ಅವರನ್ನು ನಾನು ಕ್ಷಮಿಸಿಲ್ಲ.

ಮರುದಿನ ಮಂಡಕ್ಕಿ ಹೇರಿಕೊಂಡು ನಾನು ಹೊರಟೆ. ಅರವತ್ತಕ್ಕೆ ಸರಿಯಾಗಿ ಮತ್ತೆ ಶುರುವಾಯಿತು.

ಎರಡು ದಿನ ಬಿಟ್ಟು ವಳಕಮದಿನ್ನಿಯ ಅಂಗಡಿಗೆ ನಾಲ್ಕು ಮೂಟೆ ಹಾಕಲು ಹೋಗಿದ್ದೆ. ಕಾಲುವೆಗೆ ನೀರು ಬಿಟ್ಟಿದ್ದರು, ನಾಟಿಯ ಹಂಗಾಮು. ಖಾಲಿ ಗಾಡಿ ತಿರುಗಿಸಿಕೊಂಡು ಬರುವಾಗ ನಾಟಿ ಹಚ್ಚಿ ಮುಗಿಸಿದ ಹೆಂಗಸರು ದಾರಿಗೆ ಅಡ್ಡ ನಿಂತು ಕೈ ಮಾಡಿದರು. ಮೊಣಕಾಲ ತನಕ ಕೆಸರು, ಹದಿನಾಲ್ಕು ಹದಿನೈದು ಮಂದಿ. ಸಾಮಾನಿನ ಗಾಡಿಯಲ್ಲಿ ಜನರನ್ನು ಕೂರಿಸಬಾರದು ಅಂತ ಗೊತ್ತು. ಬಸ್ಸು ಹೋಗಿಬಿಟ್ಟಿತ್ತು, ಅವರು ಬೆಳಗಿನಿಂದ ಬಗ್ಗಿದ್ದರು. ಹತ್ತಿಸಿಕೊಂಡೆ.

ಒಂದು ಕಿಲೋಮೀಟರು ಬಂದಿರಬಹುದು. ಮೀಟರು ನೋಡಿದೆ, ಅರವತ್ತೆರಡು. ಗಾಡಿ ತಣ್ಣಗೆ ಹೋಗುತ್ತಿತ್ತು. ನನಗೆ ಅನುಮಾನ ಬಂದು ಅರವತ್ತೈದು ಮಾಡಿದೆ, ಅರವತ್ತೆಂಟು ಮಾಡಿದೆ. ಹಿಂದಿನಿಂದ ಒಬ್ಬ ಮುದುಕಿ ಕ್ಯಾಬಿನ್ನಿನ ಗಾಜು ಬಡಿದಳು.

"ಯವ್ವಾ, ಯಾಕ ಇಷ್ಟು ಜೋರು ಹೊಂಟೀದಿ? ನಮ್ಮ ಮಕ್ಕಳ ಮಾರಿ ನೋಡೂದೈತಿ ಇನ್ನ!"

"ಗಟ್ಟಿ ಹಿಡಕೋ ಆಯಿ, ಒಂದs ಮಿನಿಟು!" ಅಂತ ನಾನು ಕೂಗಿದೆ. ಅವಳು ನನ್ನನ್ನೂ ನನ್ನ ಗಾಡಿಯನ್ನೂ ನನ್ನ ತವರಿನವರನ್ನೂ ಸೇರಿಸಿ ಬೈಯುವುದು ಕೇಳಿಸುತ್ತಿತ್ತು. ನನಗೆ ಖುಷಿಯಾಗುತ್ತಿತ್ತು.

ಸಿಂಧನೂರಿನ ಅಂಚಿಗೆ ಅವರು ಇಳಿದರು. ನಾನು ಮನೆಗೆ ಹೋಗದೆ, ಅದೇ ರಸ್ತೆಯಲ್ಲಿ ವಾಪಸು ತಿರುಗಿಸಿ ಖಾಲಿ ಗಾಡಿ ಓಡಿಸಿದೆ. ಅರವತ್ತಕ್ಕೆ ಗುಂಯ್ ಅಂತು. ರಸ್ತೆ ಅದೇ, ಕೈ ಅದೇ, ಕ್ಲಚ್ ಮೇಲಿನ ಕಾಲೂ ಅದೇ. ಬದಲಾಗಿದ್ದು ಹಿಂದಿನ ಭಾರ ಒಂದೇ. ಭಾವ ಓಡಿಸಿದಾಗ ಬೆಣ್ಣೆಯಾಗಿದ್ದು ಅವರ ಗಂಡಸು ಕೈಗಲ್ಲ, ಭತ್ತದ ಚೀಲಗಳಿಗೆ. ಗಾಡಿ ಪಕ್ಕಕ್ಕೆ ನಿಲ್ಲಿಸಿ ಒಬ್ಬಳೇ ಸ್ಟೀರಿಂಗಿಗೆ ಗುದ್ದಿದೆ. ಯಾರೋ ಬೈಕಿನವನು ನಿಂತು "ಏನಾತ್ರಿ?" ಅಂತ ಕೇಳಿದ. ಏನೂ ಇಲ್ಲ ಹೋಗು ಅಂದೆ.

ಮನೆಯ ಮುಂದೆ ಗಾಡಿ ನಿಲ್ಲಿಸಿ, ಸೀರೆ ಎತ್ತಿ ಕಟ್ಟಿ, ಹಳೆಯ ಗೋಣಿತಟ್ಟು ಹಾಸಿಕೊಂಡು ಕೆಳಗೆ ನುಗ್ಗಿದೆ. ಓಣಿಯವರಿಗೆ ಪುಕ್ಕಟೆ ತಮಾಷೆ. ನೋಡಿದರೆ ಶಾಫ್ಟು ಜಾರುಬಂಡೆಯ ಹಾಗೆ ಇಳಿಜಾರಾಗಿ ಹಿಂದಕ್ಕೆ ಹೋಗಿತ್ತು. ಗಾಲಿ ಕೆಳಗೆ, ಗಾಡಿಯ ಹಿಂಭಾಗ ಮಾತ್ರ ಅಷ್ಟು ಎತ್ತರ ಎದ್ದು ನಿಂತಿತ್ತು. ಎತ್ತಿ ನಿಲ್ಲಿಸಿದ್ದು ಪಾಟಾ.

ಪಾಟಾ ಅಂದರೆ ಗಾಡಿಯ ಹಿಂಭಾಗವನ್ನು ಹೊರುವ ಉಕ್ಕಿನ ಕಮಾನು ಪಟ್ಟಿಗಳು. ಕಂಪನಿಯವರು ಇಂತಿಷ್ಟು ಭಾರಕ್ಕೆ ಅಂತ ಇಂತಿಷ್ಟು ಪಟ್ಟಿ ಹಾಕಿ ಕಳಿಸುತ್ತಾರೆ. ನಮ್ಮ ಕಡೆ ಅದು ಯಾರ ಲೆಕ್ಕಕ್ಕೂ ಇಲ್ಲ. ಭತ್ತದ ನಾಡು. ಹೊಸ ಗಾಡಿ ಬಂದರೆ ಮೊದಲು ತೆಂಗಿನಕಾಯಿ ಒಡೆಯುತ್ತಾರೆ, ಮರುದಿನ ಪಾಟಾ ಅಂಗಡಿಗೆ ಒಯ್ದು ಎರಡೆರಡು ಪಟ್ಟಿ ಹೆಚ್ಚಿಗೆ ಏರಿಸುತ್ತಾರೆ. ಆಮೇಲೆ ಎಷ್ಟು ಬೇಕಾದರೂ ಹೇರಬಹುದು. ಕುಂಕುಮ ಹಚ್ಚಿದ ಹಾಗೆ ಅದೂ ಒಂದು ಶಾಸ್ತ್ರ. ಎಲ್ಲರೂ ಮಾಡುವುದರಿಂದ ಯಾವ ಮಿಸ್ತ್ರಿಗೂ ಅದು ಬದಲಾವಣೆ ಅಂತ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಗಾಡಿಗೂ ಭಾವ ಏರಿಸಿದ್ದರು. ಮಂಡಕ್ಕಿ ಹೊರುವ ಗಾಡಿಗೆ! ಹಿಂದೆ ಭತ್ತ ಬಿದ್ದರೆ ಪಟ್ಟಿಗಳು ಬಾಗಿ ಶಾಫ್ಟು ನೇರವಾಗುತ್ತದೆ, ಓರೆಯಾಗಿ ತಿರುಗುವ ನಡುಕ ನಿಲ್ಲುತ್ತದೆ. ಮಂಡಕ್ಕಿ ಹೇರಿದರೆ ಆ ಪಟ್ಟಿಗಳಿಗೆ ಮೇಲೆ ಏನೋ ಇದೆ ಅನ್ನುವುದೂ ತಿಳಿಯುವುದಿಲ್ಲ.

ಪಾಟಾ ಏರಿಸಿದ್ದು ಲಿಂಗಸುಗೂರಿನಲ್ಲಿ, ಭಾವನ ಖಾಯಂ ಅಂಗಡಿಯಲ್ಲಿ. ಮಾರನೆಯ ದಿನ ಮಾಲು ಇಳಿಸಿ ನೇರ ಅಲ್ಲಿಗೆ ಹೋದೆ. ಅಂಗಡಿಯವರು ವಯಸ್ಸಾದ ಮನುಷ್ಯ, ಗಡ್ಡಕ್ಕೆ ಮದರಂಗಿ. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಈ ಹದಿನೈದು ದಿನದಲ್ಲಿ ಪೂರ್ತಿ ಕೇಳಿದವರು ಅವರೊಬ್ಬರೇ.

"ನೀ ಹೇಳಾಕತ್ತಿದ್ದು ಬರೋಬ್ಬರಿ ಐತಿ ಬೇಟಿ," ಅಂದರು. "ಖಾಲಿ ಇದ್ದಾಗ ನಡುಗೇ ನಡಗತೈತಿ. ನಾ ಅವತ್ತs ಹೇಳಿದ್ದೆನಲ್ಲ."

"ಯಾರಿಗೆ ಹೇಳಿದ್ರಿ?"

"ಗೌಡ್ರಿಗೆ. ಹಗುರ ಮಾಲು ಒಯ್ಯೂದಿದ್ರ ಏರಸಬ್ಯಾಡ್ರಿ, ಅರವತ್ತರ ಮ್ಯಾಲ ತ್ರಾಸ ಕೊಡತೈತಿ ಅಂದೆ. ಸುಗ್ಗಿಗೆ ನಮ್ಮ ಭತ್ತ ಹೊಡಿಯೂದೈತಿ, ನೀ ಏರಸು ಅಂದ್ರು."

ಅಲ್ಲಿಗೆ ಭಾವನ ಲೆಕ್ಕ ತಿಳಿಯಿತು. ತಾವು ಕರೆದಾಗ ಭತ್ತ ಹೊಡೆಯುವ ಡ್ರೈವರ್ ಯಾಕೆ ಬೇಕಿತ್ತು ಅನ್ನುವುದೂ ತಿಳಿಯಿತು. ನನಗೆ ಅಂಥಾ ಆಶ್ಚರ್ಯವೇನೂ ಆಗಲಿಲ್ಲ. ಮುದುಕ ಆಮೇಲೆ ಹೇಳಿದ ಮಾತಿಗೆ ಮಾತ್ರ ನಾನು ಅಲ್ಲೇ ಇದ್ದ ಹಳೆ ಟೈರಿನ ಮೇಲೆ ಕೂತುಬಿಟ್ಟೆ.

"ನಿಮ್ಮ ಯಜಮಾನ್ರೂ ಬಾಜೂಕ ನಿಂತಿದ್ರಲ್ಲ. ಅವರ ಮುಂದs ಹೇಳೀನಿ. ಮನ್ಯಾಗ ಹೇಳಲಿಲ್ಲೇನು?"

ಇಲ್ಲ, ಹೇಳಲಿಲ್ಲ. ಎರಡು ತಿಂಗಳು ನನ್ನ ಕೈ ನಡುಗುತ್ತದೆ ಅಂತ ಓಣಿಯೆಲ್ಲ ಆಡಿಕೊಂಡಾಗ ಹೇಳಲಿಲ್ಲ. ಗಾಲಿ ಬ್ಯಾಲೆನ್ಸ್ ಮಾಡಿಸುವಾಗ, ಶಾಫ್ಟ್ ಬಿಚ್ಚಿಸುವಾಗ ಹೇಳಲಿಲ್ಲ. ಭತ್ತದ ಚೀಲ ಹೇರಿಕೊಂಡು ಬಂದ ದಿನ ನನ್ನ ಪಕ್ಕದಲ್ಲೇ ಕೂತು, ಕಾರಣ ಗೊತ್ತಿದ್ದೂ, "ಗೊತ್ತಾತೇನು?" ಅಂತ ನನ್ನನ್ನೇ ಕೇಳಿದ್ದರು.

ಹೆಚ್ಚಿಗೆ ಏರಿಸಿದ ಪಾಟಾ ತೆಗೆಯಿರಿ ಅಂದೆ. ಮುದುಕ ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದರು: "ಗೌಡ್ರು ಏರಿಸಿದ್ದು, ನಿನ್ನ ಮಾತಿನ ಮ್ಯಾಲ ತೆಗದ್ರ ನನಗ ದಿಕ್ಕತ್ ಆಗತೈತಿ. ಯಜಮಾನ್ರನ್ನ ಕರಕೊಂಡು ಬಾ ಬೇಟಿ." ಪೂರ್ತಿ ಕೇಳಿದ ಮನುಷ್ಯನಿಗೂ ಕೊನೆಗೆ ಯಜಮಾನರೇ ಬೇಕು.

ಮನೆಗೆ ಬಂದು ನಾನು ಜಗಳ ತೆಗೆಯಲಿಲ್ಲ. ನಾಳೆ ನೀವೂ ಬರಬೇಕು, ಮೂಟೆ ಇಳಿಸಲು ಜನ ಇಲ್ಲ ಅಂದೆ. ಬಂದರು.

ಮಸ್ಕಿ ದಾಟಿದ ಮೇಲೆ ಗಾಡಿಯನ್ನು ಅರವತ್ತೈದಕ್ಕೆ ಹಿಡಿದು ಅಲ್ಲಿಂದ ಇಳಿಸಲೇ ಇಲ್ಲ. ಸೀಟು ಗುಂಯ್ ಅನ್ನುತ್ತಿತ್ತು, ಡ್ಯಾಶ್‌ಬೋರ್ಡಿನ ಮೇಲಿದ್ದ ಅವರ ತಂಬಾಕಿನ ಡಬ್ಬಿ ಕುಣಿಯುತ್ತಾ ಅಂಚಿಗೆ ಬಂದು ಬಿತ್ತು. ನಾಲ್ಕೈದು ಕಿಲೋಮೀಟರಿಗೆ ಅವರಿಗೆ ತಡೆಯಲಾಗಲಿಲ್ಲ.

"ಜರಾ ನಿಧಾನ ಹೋಗು."

"ಯಾಕ್ರಿ? ನಡುಗಾಕತ್ತೈತೇನು?"

"ಹೂಂ."

"ಏನು ನಡುಗಾಕತ್ತೈತಿ? ಗಾಡೀನೋ, ನನ್ನ ಕೈಯೋ?"

ಅವರು ರಸ್ತೆ ನೋಡಿದರು. ನಾನು ಎಪ್ಪತ್ತು ಮಾಡಿದೆ.

"ಗಾಡಿ," ಅಂದರು.

"ಪಾಟಾ ಅಂಗಡಿ ಚಾಚಾ ಅವತ್ತು ಏನಂದ್ರು?"

ಅವರು ಬಗ್ಗಿ ತಂಬಾಕಿನ ಡಬ್ಬಿ ಎತ್ತಿಕೊಂಡರು. ಆಮೇಲೆ, "ಅಣ್ಣನ ಮುಂದ ನಾ ಹ್ಯಾಂಗ ಮಾತಾಡ್ಲಿ? ಅಪ್ಪ ಹೋದ ಮ್ಯಾಲ ಅವನs ಎಲ್ಲಾ ನೋಡ್ಯಾನ. ಒಂದು ದಿನಾನೂ ಎದುರು ಮಾತಾಡಿಲ್ಲ ನಾ," ಅಂದರು. ಅದು ಸುಳ್ಳಲ್ಲ. ಅದು ನನಗೂ ಗೊತ್ತು. ಅಣ್ಣನ ಎದುರು ಕುರ್ಚಿಯ ಮೇಲೆ ಕೂರದ ಮನುಷ್ಯ ಅವರು. ಆದರೆ ಅಣ್ಣನಿಗೆ ಕೊಟ್ಟ ಮರ್ಯಾದೆಯ ಬಿಲ್ಲು ನನ್ನ ಹೆಸರಿಗೆ ಯಾಕೆ ಬರಬೇಕು? ಇದನ್ನು ನಾನು ಬಾಯಿಬಿಟ್ಟೇ ಕೇಳಿದೆ. ಲಿಂಗಸುಗೂರು ಬರುವ ತನಕ ಅವರು ಡಬ್ಬಿಯ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತರು.

ಮೂಟೆಗಳನ್ನು ಮುಟ್ಟಿಸಿ, ಪಾಟಾ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಇಳಿದೆವು. ಮುದುಕ ಅವರನ್ನು ಕೇಳಿದರು: "ತೆಗೀಲೇನ್ರಿ ಯಜಮಾನ್ರ?"

ನನ್ನ ಗಂಡ ಜೇಬಿನಿಂದ ಫೋನ್ ತೆಗೆದರು, ನನ್ನ ಮುಖ ನೋಡಿ ಮತ್ತೆ ಒಳಗಿಟ್ಟರು. "ತೆಗೀರಿ" ಅಂದರು. ಆ ದನಿ ಅವರ ಅಂಗಿಯ ಗುಂಡಿಗೂ ಕೇಳಿಸಿರಲಿಕ್ಕಿಲ್ಲ. ಆಮೇಲೆ ನನ್ನ ಹತ್ತಿರ ಬಂದು ಪಿಸುಗುಟ್ಟಿದರು:

"ಅಣ್ಣ ಕೇಳಿದ್ರ ನೀನs ತೆಗಿಸಿದಿ ಅಂತ ಹೇಳ್ತೀನಿ."

"ಹೇಳ್ರಿ," ಅಂದೆ. "ಅದಂತೂ ಖರೇ ಐತಿ."

ಎರಡು ಗಂಟೆಯ ಕೆಲಸ. ಗಾಡಿಯ ಹಿಂಭಾಗ ತಗ್ಗಿತು. ವಾಪಸು ಬರುವಾಗ ಖಾಲಿ ಗಾಡಿ ಅರವತ್ತರಲ್ಲಿ, ಅರವತ್ತೈದರಲ್ಲಿ, ಎಪ್ಪತ್ತರಲ್ಲಿ ಕಿಮಕ್ ಅನ್ನಲಿಲ್ಲ. ಅವರು ಕಣ್ಣು ಮುಚ್ಚಿಕೊಂಡು ಮಲಗಿದವರ ಹಾಗೆ ಕೂತಿದ್ದರು. ಮಲಗಿರಲಿಲ್ಲ ಅಂತ ನನಗೆ ಗೊತ್ತು.

ಅಮಾವಾಸ್ಯೆಯ ಬೆಳಿಗ್ಗೆ ಭಾವ ಬಿಳಿ ಧೋತರ ಉಟ್ಟು, ಗೊರೇಬಾಳದ ಆ ಡ್ರೈವರನನ್ನು ಕರೆದುಕೊಂಡು ಬಂದರು. ಗಾಡಿ ತೊಳೆದು ವಿಭೂತಿ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟಿದ್ದೆವು. ಕಾಯಿ ಒಡೆದ ಮೇಲೆ ಭಾವ ಗಾಡಿಯ ಹಿಂದೆ ಬಂದು ನಿಂತು ಹುಬ್ಬು ಗಂಟಿಕ್ಕಿದರು.

"ಪಾಟಾ ಎಲ್ಲಿ ಹೋದ್ವೋ?"

"ಆಕಿ ತೆಗಿಸ್ಯಾಳಣ್ಣ," ಅಂದರು ನನ್ನ ಗಂಡ. ಹೇಳುತ್ತೇನೆ ಅಂದಿದ್ದರು, ಹೇಳಿದರು. ಆ ಒಂದು ಮಾತು ಮಾತ್ರ ತಪ್ಪಲಿಲ್ಲ.

ಭಾವನ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವ ಮೊದಲು ನಾನು ಗಂಡನಿಗೆ ಹೇಳಿದೆ: "ಭಾವಾರಿಗೆ ಗಾಡ್ಯಾಗ ಕುಂದರಾಕ ಹೇಳ್ರಿ. ಖಾಲಿ ಗಾಡಿ ಐತಿ. ಒಂದು ಸುತ್ತು ಹಾಕಿ ಬರೂಣು. ನಡುಗಿದ್ರ ಕೀಲಿ ನಾನs ಅವನ ಕೈಯಾಗ ಕೊಡ್ತೀನಿ."

ಡ್ರೈವರನ ಎದುರು, ಓಣಿಯವರ ಎದುರು ಭಾವ ಒಲ್ಲೆ ಅನ್ನುವ ಹಾಗಿರಲಿಲ್ಲ. ಕೂತರು. ನನ್ನ ಗಂಡ ನಡುವೆ ಕೂತರು. ಊರು ದಾಟಿ ಮಸ್ಕಿ ರಸ್ತೆಗೆ ಬಿದ್ದೆ. ಎರಡೂ ಕಡೆ ಹೊಸ ನಾಟಿ. ಐವತ್ತೈದು, ಅರವತ್ತು. ಭಾವ ಮೀಟರು ನೋಡುತ್ತಿದ್ದರು. ಅರವತ್ತೈದರಲ್ಲಿ ಎರಡು ಕಿಲೋಮೀಟರು ಓಡಿಸಿದೆ, ಎಪ್ಪತ್ತರಲ್ಲಿ ಇನ್ನೆರಡು. ನೀವೇ ಹೇಳಿ ಅಂತ ಕಾದೆ. ಹಳಬರು, ದೊಡ್ಡವರು, ಒಂದು ಸಲ "ಗಾಡಿಯದೇ ತಪ್ಪಿತ್ತು" ಅಂತ ತಮ್ಮನಿಗೆ ಹೇಳಿದರೂ ಸಾಕು, ನಾನು ಎಲ್ಲ ನುಂಗಿಕೊಳ್ಳಲು ತಯಾರಿದ್ದೆ.

ಭಾವ ಗಂಟಲು ಸರಿಮಾಡಿಕೊಂಡರು.

"ರೋಡ್ ಈಗ ಚಲೋ ಮಾಡ್ಯಾರಲ್ಲೋ," ಅಂದರು.

ನನ್ನ ಗಂಡ, ಎಲ್ಲ ಗೊತ್ತಿದ್ದ ನನ್ನ ಗಂಡ, ತಲೆ ಆಡಿಸಿದರು. "ಹೌದಣ್ಣ. ಭಾಳ ಚಲೋ ಮಾಡ್ಯಾರ."

ನಾನು ಗಾಡಿ ನಿಲ್ಲಿಸಿದೆ. ಸೆರಗು ಜಾರಿತ್ತು, ಎತ್ತಿಕೊಳ್ಳಲಿಲ್ಲ. ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಭಾವನ ಮುಖ ನೋಡಿ ಮಾತಾಡಿದೆ.

"ಇಳೀರಿ ಭಾವಾರ."

ಅವರಿಗೆ ಅರ್ಥವಾಗಲಿಲ್ಲ. ನನ್ನ ಗಂಡ "ಏ, ಏನಿದು" ಅಂದರು.

"ನೀವೂ ಇಳೀರಿ. ರೋಡ್ ಚಲೋ ಐತಿ. ನಡಕೊಂಡು ಬರ್ರಿ."

ಇಳಿದರು. ಇಳಿಯದೆ ಇದ್ದಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಗಾಡಿ ತಿರುಗಿಸಿಕೊಂಡು ಮನೆಗೆ ಬಂದೆ. ಅಂಗಳದಲ್ಲಿ ಕಾಯುತ್ತಿದ್ದ ಡ್ರೈವರನಿಗೆ ಪ್ರಸಾದ ಕೊಟ್ಟು, ಬಸ್ಸು ಇದೆ ಹೋಗಪ್ಪ ಅಂದೆ. ಅವನದೇನೂ ತಪ್ಪಿರಲಿಲ್ಲ.

ನನ್ನ ಗಂಡ ಮಧ್ಯಾಹ್ನ ಒಬ್ಬರೇ ಬಂದರು. ಭಾವ ಯಾರದೋ ಬೈಕು ಹತ್ತಿ ಹಾಗೇ ತಮ್ಮ ಹೊಲದ ಕಡೆ ಹೋಗಿದ್ದರು. ಇವರು ಕಾಲು ತೊಳೆದು, ತಂಬಿಗೆ ನೀರು ಪೂರ್ತಿ ಕುಡಿದು, ಗೋಡೆಗೆ ಒರಗಿ ಕೂತರು. ನಾನು ಹೋಳಿಗೆ ಬಡಿಸಿದೆ. ಒಂದು ತುತ್ತು ತಿಂದು ಹೇಳಿದರು:

"ಅಣ್ಣ ಭಾಳ ಸಿಟ್ಟಿಗೆದ್ದಾನ."

"ನಾನೂ ಸಿಟ್ಟಿಗೆದ್ದೀನಿ," ಅಂದೆ. "ಎರಡು ತಿಂಗಳಾತು. ನೀವು ಕೇಳಲೇ ಇಲ್ಲ."